ನೂರರಲ್ಲಿ ಒಬ್ಬ

ಸುಶಮೀಂದ್ರ ನಿಜ ಹೇಳಲು ಹೊರಟಿದ್ದಾನೆಂಬ ಸುದ್ದಿಯನ್ನು ಕೊಟ್ರೇಶನಿಗೆ ತಲುಪಿಸಿದವನು ಸ್ವತಃ ಸುಶಮೀಂದ್ರನೇ. ಕೊಟ್ರೇಶನಿಗೆ ಹೆಚ್ಚು ಉರಿದದ್ದು ಇದಕ್ಕೆ. ಬೆನ್ನ ಹಿಂದೆ ಮಾಡಿದ್ದರೆ ದ್ರೋಹಿ ಎಂದು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈ ಮನುಷ್ಯ ಫೋನು ಮಾಡಿ, ಮದುವೆಗೆ ಕರೆದ ಹಾಗೆ ಕರೆದ.

“ಆಫ್ರಿಕಾದಿಂದ ಆ ದೇಶದ ವಕೀಲರು ಹೈದರಾಬಾದಿಗೆ ಬರಲಿಕ್ಕತ್ತಾರ, ಕೊಟ್ರೇಶ. ಗಣಿ ಗೇಟಿನ ಮುಂದ ಆದದ್ದನ್ನ ನಾ ಹೇಳತೀನಿ. ನೀನೂ ಬಾ. ಇಬ್ಬರೂ ಹೇಳಿ ಹಗುರಾಗೋಣು.”

“ನಿನಗೇನಪಾ, ನೀ ಕೇಳಿಸಿಕೊಂಡಾಂವ. ಹೇಳಿದಾಂವ ನಾನು. ನೀ ಹಗುರಾದ್ರ ಭಾರೆಲ್ಲಾ ನನ್ನ ಹೆಗಲಿಗೆ ಬೀಳ್ತೈತಿ.”

“ಭಾರ ಈಗೂ ಅಲ್ಲೇ ಅದ,” ಎಂದ ಸುಶಮೀಂದ್ರ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಮಠದ ಗಾಳಿ ಕುಡಿದು ಕುಡಿದು ಪುಣ್ಯಾತ್ಮನಾಗಿಬಿಟ್ಟಿದ್ದಾನೆ ಮಗ ಎಂದು ಕೊಟ್ರೇಶ ಹಲ್ಲು ಕಡಿದ.

ಕೊಟ್ರೇಶ ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯ ಕಿರಿಯ ಮಗ. ಅಣ್ಣ ಮರಿಬಸಪ್ಪ ಜಿನ್ನಿಂಗ್ ಮಿಲ್ಲು ಹಿಡಿದ, ಇವನು ಬಂದೂಕು ಹಿಡಿದ. ಸೇನೆಯಲ್ಲಿ ಕ್ಯಾಪ್ಟನ್ ಆಗಿ ಅವಧಿ ಮುಗಿಸಿ ಹೊರಬಂದಾಗ ಇನ್ನೂ ಹರೆಯವಿತ್ತು, ಹುಕುಂ ಕೊಡುವ ರುಚಿ ನಾಲಗೆಗೆ ಹತ್ತಿತ್ತು. ಅಂಥವರಿಗಾಗಿಯೇ ದುಬೈನಲ್ಲಿ ಕಚೇರಿ ತೆರೆದ ಕಂಪನಿಗಳಿರುತ್ತವೆ. ಮೊದಲು ಎಣ್ಣೆ ಬಾವಿ, ಆಮೇಲೆ ಹಡಗು, ಕೊನೆಗೆ ಆಫ್ರಿಕಾದ ಒಂದು ಚಿನ್ನದ ಗಣಿ. ಕಾಗದದಲ್ಲಿ ಅದನ್ನು ಕಾವಲು ಎನ್ನುತ್ತಿದ್ದರು. ಮಾಡುತ್ತಿದ್ದುದು ಬಾಡಿಗೆ ಸಿಪಾಯಿಯ ಕೆಲಸ. ಅದೇ ಗಣಿಯ ಕಂಟ್ರೋಲ್ ರೂಮಿನಲ್ಲಿ ರೇಡಿಯೊ ಮುಂದೆ ಕೂತವನು ಮಂತ್ರಾಲಯದ ಸುಶಮೀಂದ್ರ. ಅಷ್ಟು ದೂರದಲ್ಲಿ ತುಂಗಭದ್ರೆಯ ನೀರು ಕುಡಿದ ಇನ್ನೊಬ್ಬ ಸಿಕ್ಕಿದ್ದೇ ಇಬ್ಬರಿಗೂ ಹಬ್ಬವಾಗಿತ್ತು.

ಒಂದು ಬೆಳಿಗ್ಗೆ, ಗಣಿಯಿಂದ ಬಾವಿಗಳ ನೀರು ಕೆಟ್ಟಿತೆಂದು ಸುತ್ತಲಿನ ಹಳ್ಳಿಯವರು ಗೇಟಿಗೆ ಬಂದರು. ಹೆಚ್ಚಿನವರು ಹೆಂಗಸರು, ಕೈಯಲ್ಲಿ ಕೊಡ. ಗುಂಡು ಹಾರಿಸಿ ಎಂದು ಕೊಟ್ರೇಶ ರೇಡಿಯೊದಲ್ಲಿ ಹೇಳಿದ. ಕಂಪನಿ ಅದಕ್ಕೆ ಸಶಸ್ತ್ರ ದಾಳಿ ಎಂದು ಹೆಸರಿಟ್ಟು, ಬಾಗಿಲು ಮುಚ್ಚಿ, ಬೇರೆ ಹೆಸರಿನಲ್ಲಿ ಬೇರೆ ಕಡೆ ಎದ್ದಿತು. ಗೇಟಿನಲ್ಲಿದ್ದ ಕಾವಲಿನವರು ದಿಕ್ಕಾಪಾಲಾದರು. ಆ ಮಾತು ಯಾರ ಬಾಯಿಂದ ಬಂತೆಂದು ಆಣೆ ಮಾಡಿ ಹೇಳಬಲ್ಲ ಒಂದೇ ಜೀವ ಈಗ ಮಂತ್ರಾಲಯದ ಮಠದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸೇವೆ ಮಾಡಿಕೊಂಡಿತ್ತು.

ಜೈಲಿಗೆ ಕೊಟ್ರೇಶ ಅಷ್ಟಾಗಿ ಹೆದರಿರಲಿಲ್ಲ. ಹೆದರಿದ್ದು ಹಾರಿಕಾಳ ಕಣ್ಣಿಗೆ. ಮಗಳು ಕಾಲೇಜಿನ ಎನ್‌ಸಿಸಿಯಲ್ಲಿದ್ದಳು, ಅಪ್ಪನ ಹಳೆಯ ಬೆಲ್ಟನ್ನು ತಾನೇ ಪಾಲಿಶ್ ಮಾಡಿ ಕಟ್ಟಿಕೊಳ್ಳುತ್ತಿದ್ದಳು, ಸೇನೆಯ ಅಧಿಕಾರಿ ಆಯ್ಕೆಯ ಸಂದರ್ಶನಕ್ಕೆ ಕರೆ ಬಂದಾಗಿನಿಂದ ಮನೆಯಲ್ಲಿ ಎಲ್ಲರಂತೆ ನಡೆಯುವುದನ್ನೇ ಮರೆತು ಕವಾಯತು ಮಾಡುತ್ತಿದ್ದಳು. “ನಮ್ಮಪ್ಪ ಆಫ್ರಿಕಾದಾಗ ಜನರನ್ನ ಕಾಯ್ತಿದ್ದರು,” ಎಂದು ಗೆಳತಿಯರಿಗೆ ಹೇಳುತ್ತಿದ್ದಳು. ಆ ವಾಕ್ಯವನ್ನು ಅವಳು ಇನ್ನು ಮುಂದೆಯೂ ಹೇಳಬೇಕು. ಅದಕ್ಕೆ ಸುಶಮೀಂದ್ರ ಹೈದರಾಬಾದಿಗೆ ಹೋಗಬಾರದು. ಈ ತೀರ್ಮಾನಕ್ಕೆ ಬರಲು ಕೊಟ್ರೇಶನಿಗೆ ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಕೆಲಸ ಹೇಗಾಗಬೇಕೆಂಬುದು ಮಾತ್ರ ನಿಧಾನವಾಗಿ ಕೂಡಿಬಂತು. ಮೂಲ ಎಳೆಯನ್ನು ಕೊಟ್ಟವನೂ ಸುಶಮೀಂದ್ರನೇ. ಅವನಿಗೆ ಮಾತು ಬೇಕಿತ್ತು. ವಾರಕ್ಕೊಮ್ಮೆಯಾದರೂ ಫೋನು ಮಾಡಿ ತನ್ನ ದಿನಚರಿ ಒಪ್ಪಿಸುತ್ತಿದ್ದ. ಏಕಾದಶಿಯಂದು ಊಟದ ಅಡುಗೆ ಇಲ್ಲ, ತನಗೆ ಬಿಡುವು. ಆ ದಿನ ನೀರು ಸಹ ಮುಟ್ಟದೆ ಉಪವಾಸ ಇರುತ್ತಾನೆ. ಬೆಳಗಿನ ಪೂಜೆ ಮುಗಿಸಿ, ಸ್ನಾನಘಟ್ಟ ದಾಟಿ, ಮೇಲುಗಡೆಯ ಬಂಡೆಗಳ ನಡುವೆ ಒಬ್ಬನೇ ಜಪಕ್ಕೆ ಕೂರುತ್ತಾನೆ. ಅಲ್ಲಿ ನೀರು ಆಳ, ಬಂಡೆ ಪಾಚಿ. ನಿರಾಹಾರಿ ಮನುಷ್ಯ ಬಿಸಿಲಿಗೆ ತಲೆ ತಿರುಗಿ ಜಾರಿ ಬಿದ್ದ: ಕತೆಯನ್ನು ಕೊಟ್ರೇಶ ಕಟ್ಟುವ ಅಗತ್ಯವೇ ಇರಲಿಲ್ಲ, ಊರೇ ಕಟ್ಟಿಕೊಳ್ಳುತ್ತಿತ್ತು. ಆಹಾ ಎಂಥ ಸಾವು, ಏಕಾದಶಿಯ ದಿನ, ನದಿಯಲ್ಲಿ, ಎಂದು ನಾಲ್ಕು ಜನ ಕೈಯನ್ನೂ ಮುಗಿಯುತ್ತಿದ್ದರು.

ಆದೋನಿಯಲ್ಲಿ ಬೆಳೆದವನಿಗೆ ಏಕಾದಶಿ ಗೊತ್ತಿಲ್ಲವೇ? ಶಾಲೆಯಲ್ಲಿ ಪಕ್ಕಕ್ಕೆ ಕೂರುತ್ತಿದ್ದ ಮಾಧ್ವ ಆಚಾರರ ಹುಡುಗ ಆ ದಿನ ಬುತ್ತಿ ತರುತ್ತಿರಲಿಲ್ಲ. ಇವನ ಬುತ್ತಿಯ ರೊಟ್ಟಿಯನ್ನು ನೋಡಿ ಮುಖ ತಿರುಗಿಸುತ್ತಿದ್ದ. ತಾನು ಶೈವರ ಮನೆಯವನಾದರೂ ಅವರ ರೀತಿನೀತಿ ತನಗೆ ಅಂಗೈ ಗೆರೆಯಷ್ಟು ಪರಿಚಿತ ಎಂದೇ ಕೊಟ್ರೇಶನ ಭಾವನೆ.

ಇನ್ನು ಉಳಿದದ್ದು ಬಂಡೆಯವರೆಗೆ ಹೋಗಿಬರುವುದು. ಸೇನೆಯಲ್ಲಿ ಅವನು ಮೊದಲು ಕಲಿತ ಪಾಠವೆಂದರೆ, ಅಡಗುವುದೆಂದರೆ ಕಾಣದಿರುವುದಲ್ಲ, ಸುತ್ತಲಿನಂತೆ ಕಾಣುವುದು. ಪೊದೆಯಲ್ಲಿ ಪೊದೆಯಾಗು, ಕಲ್ಲಿನಲ್ಲಿ ಕಲ್ಲಾಗು. ಮಂತ್ರಾಲಯದಲ್ಲಿ ಕ್ಯಾಮೆರಾಗಳಿವೆ ಎಂದು ಅವನು ನೋಡಿಕೊಂಡು ಬಂದಿದ್ದ. ಅದರಿಂದ ಅವನಿಗೆ ಚಿಂತೆಯಾಗುವ ಬದಲು ನಗು ಬಂತು. ಪಂಚೆ ಕಚ್ಚೆ, ಉತ್ತರೀಯ, ಮೈಮೇಲೆ ಗೋಪಿಚಂದನದ ಮುದ್ರೆ ಇರುವ ಗಂಡಸರು ಘಟ್ಟದ ಪಾವಟಿಗೆಯ ಮೇಲೆ ಯಾವಾಗಲೂ ನೂರಾರು. ಕ್ಯಾಮೆರಾ ನೋಡಲಿ. ನೂರರಲ್ಲಿ ಒಬ್ಬನನ್ನು ಯಾರು ಆರಿಸುತ್ತಾರೆ?

ಮುದ್ರೆಯ ಅಚ್ಚುಗಳನ್ನು ರಾಯಚೂರಿನಲ್ಲಿ ಕೊಂಡ. ಸುಶಮೀಂದ್ರ ಫೋನಿಗೆ ಕಳಿಸಿದ್ದ ಫೋಟೊ ಅವನಿಗೆ ಮಾದರಿಯಾಯಿತು: ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ನಗುತ್ತಿದ್ದ ಚಿತ್ರ. ಅದನ್ನು ಹಿಗ್ಗಿಸಿ ಅಂಗುಲ ಅಂಗುಲ ಓದಿದ. ಹಣೆಯ ನಾಮದ ನಡುವೆ ಇದ್ದಿಲ ಕಪ್ಪಿನ ಉದ್ದ ಗೆರೆ, ಅದು ಅಂಗಾರ. ಗೆರೆಯ ಬುಡದಲ್ಲಿ ಕೆಂಪು ಬೊಟ್ಟು, ಅದು ಅಕ್ಷತೆ. ಅರಿಸಿನಕ್ಕೆ ಸುಣ್ಣ ಕಲಸಿ ಆ ಕೆಂಪನ್ನು ತಂದ. ಜನಿವಾರ ಎಡ ಹೆಗಲ ಮೇಲೆ; ಬಲಕ್ಕೆ ಹಾಕಿಕೊಂಡು ಸಿಕ್ಕಿಬೀಳುವ ದಡ್ಡ ತಾನಲ್ಲ. ಗಡಿಯಾರ ಕಟ್ಟಿ ಕಟ್ಟಿ ಮಣಿಕಟ್ಟಿನಲ್ಲಿ ಉಳಿದ ಬಿಳಿ ಪಟ್ಟಿಯ ಮೇಲೂ ಗೋಪಿಚಂದನ ಸವರುವುದೆಂದು ನಿಶ್ಚಯಿಸಿದ. ಸಿಪಾಯಿಯ ನಡಿಗೆ ಬಿಟ್ಟು, ಬರಿಗಾಲಲ್ಲಿ ಬಿಸಿ ಕಲ್ಲು ತುಳಿಯುವವರ ಹಾಗೆ ಸಣ್ಣ ಸಣ್ಣ ಹೆಜ್ಜೆ ಹಾಕುವುದನ್ನು ಕೋಣೆಯಲ್ಲಿ ಅಭ್ಯಾಸ ಮಾಡಿದ.

ಒಂದು ಸಂಜೆ ಹಾಗೆ ಕನ್ನಡಿಯ ಮುಂದಿರುವಾಗ ಹಾರಿಕಾ ಬಾಗಿಲು ತಟ್ಟಿ ಒಳಗೆ ಬಂದೇಬಿಟ್ಟಳು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಏನಪ್ಪಾ, ಹಣೀಗೆ ಕೆಂಪು?”

“ಗುಡಿಗೆ ಹೋಗಿದ್ದೆವ್ವಾ.”

“ನೀವು? ಗುಡಿಗೆ?” ಎಂದು ನಕ್ಕಳು. “ನನ್ನ ಇಂಟರ್ವ್ಯೂ ಸಲುವಾಗಿ ಹರಕಿ ಹೊತ್ತೀರೇನು?”

“ಹೂಂ ಅನಕೋ,” ಎಂದ. ಅವಳು ಖುಷಿಯಿಂದ ಅವನ ತೋಳು ಹಿಸುಕಿ ಹೋದಳು. ಅವನು ಕೆಂಪು ಹತ್ತಿದ ಟವೆಲ್ಲನ್ನು ಮಡಚಿಟ್ಟ. ಆಮೇಲೆ, ಇದೂ ಅವಳಿಗಾಗಿಯೇ ಅಲ್ಲವೇ ಎಂದುಕೊಂಡು ಧೈರ್ಯ ತಂದುಕೊಂಡ. ತನ್ನ ಪಾಲಿಗೆ ಅನುಕೂಲವಾದುದನ್ನು ನಂಬುವುದರಲ್ಲಿ ಕ್ಯಾಪ್ಟನ್‌ಗೆ ಮೊದಲಿನಿಂದಲೂ ಒಳ್ಳೆಯ ತರಬೇತಿಯಿತ್ತು.

ಹತ್ತಿಯ ಕಾಲ. ಮಿಲ್ಲು ಹಗಲಿಡೀ ಗುಡುಗುತ್ತಿತ್ತು. ಅಂಗಳದಲ್ಲಿ ಹತ್ತಿ ಗುಡ್ಡದ ಹಾಗೆ ಬಿದ್ದಿತ್ತು. ಏಕಾದಶಿಯ ಬೆಳಿಗ್ಗೆ ಕೊಟ್ರೇಶ ಕಂಬಳಿ ಹೊದ್ದು ಮಿಲ್ಲಿನ ಮಹಡಿಯ ಕೋಣೆ ಸೇರಿದ. ಆಫ್ರಿಕಾದ ಮಲೇರಿಯಾ ಅವನಿಗೆ ಆಗಾಗ ಮರುಕಳಿಸುವುದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಬಂದಾಗ ಅವನ ಮೈ ಮುಟ್ಟಿದರೂ ರೇಗುತ್ತಾನೆಂಬುದೂ ಗೊತ್ತಿತ್ತು.

“ಡಾಕ್ಟರಿಗೆ ಫೋನ್ ಮಾಡ್ಲೇನೋ?” ಎಂದು ಮರಿಬಸಪ್ಪ ಬಾಗಿಲಲ್ಲೇ ನಿಂತು ಕೇಳಿದ.

“ಬ್ಯಾಡಣ್ಣ. ಗುಳಿಗಿ ನುಂಗೀನಿ. ಸಂಜೀತನಕ ಯಾರೂ ಎಬ್ಬಿಸಬ್ಯಾಡ್ರಿ.”

ಫೋನು ಹಾಸಿಗೆಯ ಮೇಲೆಯೇ ಉಳಿಯಿತು. ಹಿಂದಿನ ಮೆಟ್ಟಿಲಿಂದ ಇಳಿದವನು, ಹತ್ತಿಯ ಧೂಳಿಗೆ ಹಮಾಲರು ಕಟ್ಟಿಕೊಳ್ಳುವಂತೆ ಮೂಗು ಬಾಯಿಗೆ ಟವೆಲ್ ಸುತ್ತಿದ ಒಬ್ಬ ಹಮಾಲ. ಅವರ ನಡುವೆಯೇ ನಡೆದು ಹಿಂಬಾಗಿಲು ದಾಟಿದ. ಯಾರೂ ತಲೆ ಎತ್ತಿ ನೋಡಲಿಲ್ಲ. ಪ್ಯಾಸೆಂಜರ್ ರೈಲಿನ ಜನರಲ್ ಬೋಗಿಯಲ್ಲಿ ನೆಲಕ್ಕೆ ಕೂತ. ಕೋಸಗಿ ಸ್ಟೇಷನ್ನಿನಲ್ಲಿ, ದುಡಿಯಲು ವಲಸೆ ಹೊರಟ ಕುಟುಂಬಗಳು ಪಾತ್ರೆ, ಹಾಸಿಗೆ, ಕೋಳಿ ಸಮೇತ ಹತ್ತಿದವು. ಒಬ್ಬಾಕೆ ಇವನ ಗಂಟಿನ ಮೇಲೆ ತನ್ನ ಗಂಟು ಇಟ್ಟು, “ಜರಗಣ್ಣಾ,” ಎಂದಳು. ಜರುಗಿದ. ತನ್ನ ಗಂಟಿನಲ್ಲಿ ಪಂಚೆ ಇದೆ, ಚಂದನ ಇದೆ, ಒಬ್ಬನ ಸಾವಿದೆ ಎಂದು ನೆನೆದಾಗ ಹಳೆಯ ಕಾರ್ಯಾಚರಣೆಗಳ ಮುಂಜಾನೆಯ ಉಲ್ಲಾಸ ಅವನ ಮೈಯಲ್ಲಿ ಹರಿಯಿತು. ಅದನ್ನು ಅವನು ನಾಚಿಕೆಯಿಲ್ಲದೆ ಅನುಭವಿಸಿದ.

ಸ್ಟೇಷನ್ನಿನಿಂದ ಶೇರ್ ಆಟೊ. ಊರು ಇನ್ನೂ ದೂರವಿರುವಾಗಲೇ ಇಳಿದು, ಜಾಲಿಯ ಮೆಳೆ ದಾಟಿ ನದಿಗೆ ನಡೆದ. ಮಿಂದ. ಒದ್ದೆ ಮೈಗೆ ಮುದ್ರೆಗಳನ್ನು ಒತ್ತಿದ. ಕೈಗನ್ನಡಿಯಲ್ಲಿ ನೋಡುತ್ತ ಹಣೆಗೆ ನಾಮ, ಗೆರೆ, ಬೊಟ್ಟು. ಫೋಟೊದಲ್ಲಿದ್ದಷ್ಟೇ ಉದ್ದ, ಅಷ್ಟೇ ದುಂಡು. ಹಮಾಲ ಅಲ್ಲೇ ಮೆಳೆಯಲ್ಲಿ ಗಂಟಾಗಿ ಕೂತ. ಊರಿನೊಳಕ್ಕೆ ಹೋದವನು ಒಬ್ಬ ಆಚಾರ.

ಘಟ್ಟದಲ್ಲಿ ಜನವಿತ್ತು, ಅವನು ಎಣಿಸಿದ್ದಂತೆಯೇ. ಕ್ಯಾಮೆರಾದ ಕೆಳಗೆ ಬೇಕೆಂದೇ ತಲೆ ತಗ್ಗಿಸದೆ ಹಾದುಹೋದ. ತಲೆ ತಗ್ಗಿಸುವವರನ್ನೇ ಜನ ನೋಡುವುದು. ಪಾವಟಿಗೆಯ ಕೊನೆಯಲ್ಲಿ, ಮೇಲುಗಡೆಯ ಕಾಲುದಾರಿ ಶುರುವಾಗುವಲ್ಲಿ, ಕೆಂಪು ಸೀರೆಯ ಸೆರಗು ತಲೆಗೆ ಹೊದ್ದ ಮುದುಕಿಯೊಬ್ಬಳು ಮಡಿಲಲ್ಲಿ ಒಣ ಪಂಚೆ ಇಟ್ಟುಕೊಂಡು ಕೂತಿದ್ದಳು. ದಪ್ಪ ಕನ್ನಡಕ. ಅವನು ಹತ್ತಿರ ಬಂದಾಗ ತಲೆ ಎತ್ತಿ ಅವನ ಮುಖವನ್ನು, ಹಣೆಯನ್ನು ದಿಟ್ಟಿಸಿದಳು.

“ಊಟ ಆತೇನಪಾ?”

ಕೊಟ್ರೇಶ ತಬ್ಬಿಬ್ಬಾದ. ಆದರೆ ಅದು ಒಂದೇ ಕ್ಷಣ. ಪರೀಕ್ಷೆ! ಬೇರೆ ಯಾವನಾದರೂ ಆಗಿದ್ದರೆ ಊರ ಕಡೆಯ ವಾಡಿಕೆಯಂತೆ “ಆತ್ರೀ ಅಜ್ಜಿ” ಎಂದು ಹೇಳಿ ಕೆಟ್ಟಿರುತ್ತಿದ್ದ.

“ಏಕಾದಶಿ ಅಲ್ಲೇನ್ರೀ ಅಮ್ಮಾ ಇವತ್ತು,” ಎಂದ ವಿನಯವಾಗಿ, ಅವರ ಮಾತಿನ ಧಾಟಿಯಲ್ಲೇ. “ಉಪವಾಸ.”

“ಹೌದೇನು?” ಎಂದಳು ಮುದುಕಿ. ಇನ್ನೂ ಅವನನ್ನೇ ನೋಡುತ್ತಿದ್ದಳು. “ಹೋಗಿ ಬಾ.”

ಉತ್ತರ ಕೊಟ್ಟ ಚಾಕಚಕ್ಯತೆಗೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತ ಕೊಟ್ರೇಶ ಕಾಲುದಾರಿ ಹಿಡಿದ.

ಸುಶಮೀಂದ್ರ ಬಂಡೆಯ ಅಂಚಿನಲ್ಲಿ, ಕಾಲು ನೀರಿಗೆ ಬಿಟ್ಟು ಕೂತಿದ್ದ. ತೆಳ್ಳಗಾಗಿದ್ದ. ಹೆಜ್ಜೆ ಸಪ್ಪಳಕ್ಕೆ ತಿರುಗಿದವನಿಗೆ ಮೊದಲು ಗುರುತೇ ಹತ್ತಲಿಲ್ಲ. ಕೊಟ್ರೇಶನಿಗೆ ಅದು ಒಂದು ಪದಕ ಸಿಕ್ಕಷ್ಟು ಹಿತವಾಯಿತು. ಆದರೂ, ಮಾಡುವ ಮುಂಚೆ ಒಂದು ಅವಕಾಶ ಕೊಡುತ್ತೇನೆಂದು ತನಗೆ ತಾನೇ ಮಾತು ಕೊಟ್ಟಿದ್ದ.

“ನನ್ನ ಹೆಸರು ಬಿಟ್ಟು ಹೇಳಾಕ ಆಗತೈತೇನು ನಿನಗ? ಒಂದ ಹೆಸರು. ನನಗೊಬ್ಬ ಮಗಳದಾಳ.”

ಸುಶಮೀಂದ್ರನಿಗೆ ದನಿಯಿಂದ ಗುರುತಾಯಿತು. “ನನ್ನ ಹೆಸರೂ ಬಿಡಂಗಿಲ್ಲ, ನಿಂದೂ ಬಿಡಂಗಿಲ್ಲ, ಕೊಟ್ರೇಶ. ಆ ಕೊಡ ಹಿಡಕೊಂಡು ಬಂದ ಹೆಣ್ಮಕ್ಕಳ ಹೆಸರು ಒಂದೂ ನನಗ ಗೊತ್ತಿಲ್ಲ. ಅದ ನೋಡು ಸಂಕಟ.” ಆಮೇಲೆ ಅವನ ಕಣ್ಣು ಕೊಟ್ರೇಶನ ಹಣೆಗೆ ಏರಿತು. ಮಕ್ಕಳು ಅಂಗಿಯನ್ನು ತಿರುವುಮುರುವು ತೊಟ್ಟು ಬಂದಾಗ ದೊಡ್ಡವರಿಗೆ ಬರುವಂಥ ನಗು ಆ ಬಳಲಿದ ಮುಖದ ಮೇಲೆ ಬಂತು. “ಮತ್ತ ಇದೇನೋ ವೇಷ? ಇವತ್ತ...”

ಕೊಟ್ರೇಶ ಮಾತು ಮುಗಿಸಗೊಡಲಿಲ್ಲ. ನಗು ಅವನ ಸಹನೆಯನ್ನು ಕಡಿದಿತ್ತು. ಉಪವಾಸದ ದೇಹಕ್ಕೆ ಬಲವಿರಲಿಲ್ಲ. ನೀರೊಳಗೆ ಅದು ಕೊಸರಿದ್ದೂ ಕಡಿಮೆ. ಕೊನೆಗೆ ಕೈ ಬಿಟ್ಟಾಗ ತನ್ನ ಬೆರಳುಗಳನ್ನು ಕಂಡು ಅವನಿಗೆ ಅಸಹ್ಯವಾಯಿತು. ಗೇಟಿನ ಮುಂದೆ ಒಂದು ಮಾತು ಹೇಳಿದರೆ ಸಾಕಾಗಿತ್ತು. ಉಳಿದದ್ದನ್ನು ಬೇರೆ ಕೈಗಳು ಮಾಡಿದ್ದವು. ಇದೇ ಮೊದಲ ಸಲ ಅವನು ಮುಟ್ಟಿ ಕೊಂದದ್ದು.

ಹಿಂದಿರುಗಿ ಘಟ್ಟಕ್ಕೆ ಹೋಗಲಿಲ್ಲ. ಹೊಲಗಳ ಬದುವಿನಿಂದ ಬಳಸಿ ಮೆಳೆ ಸೇರಿ, ಮೈ ತೊಳೆದು, ಮತ್ತೆ ಹಮಾಲನಾಗಿ ರೈಲು ಹತ್ತಿದ. ಸಂಜೆ ಮಹಡಿಯ ಕೋಣೆಯಲ್ಲಿ ಹಾರಿಕಾ ಗಂಜಿ ತಂದಾಗ ಕಂಬಳಿಯೊಳಗೆ ಅವನು ನಿಜವಾಗಿಯೂ ನಡುಗುತ್ತಿದ್ದ.

ಎಲ್ಲವೂ ಎಣಿಸಿದಂತೆ ಆಯಿತು. ಮರುದಿನ ಪರಿಚಿತರ ಬಾಯಲ್ಲಿ ಸುದ್ದಿ ಬಂತು: ಏಕಾದಶಿ ಉಪವಾಸ, ತಲೆಸುತ್ತು, ಪಾಚಿ. ಪುಣ್ಯವಂತ. ಹಾರಿಕಾ ಅವನ ಪಕ್ಕ ಕೂತು, “ನಿಮ್ಮ ಜೋಡಿ ಅಲ್ಲಿದ್ದವರಲ್ಲೇನಪ್ಪಾ ಅವರು? ನಿಮಗ ಭಾಳ ದುಃಖ ಆಗಿರಬೇಕು,” ಎಂದಳು. ದುಃಖ ನಟಿಸುವುದು ಅವನಿಗೆ ಕಷ್ಟವಾಗಲಿಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಕೆಲವು ದಿನ ಕಳೆದ ಮೇಲೆ ಇನ್‌ಸ್ಪೆಕ್ಟರ್ ಫೋನು ಮಾಡಿ, ಸತ್ತವರ ಫೋನಿನಲ್ಲಿ ನಿಮ್ಮ ನಂಬರೇ ಹೆಚ್ಚಿದೆ, ಅವರ ಮನೆಗೆ ಬಂದು ಒಂದು ಮಾತು ಹೇಳಿಹೋದರೆ ಫೈಲು ಮುಗಿಸುತ್ತೇನೆ ಎಂದಾಗಲೂ ಕೊಟ್ರೇಶ ಹೆದರಲಿಲ್ಲ. ಇದನ್ನೂ ಎಣಿಸಿದ್ದ. ಗೆಳೆಯನಾದವನು ಹೋಗದಿದ್ದರೇ ಅನುಮಾನ. ಹಣೆಗೆ ಅಡ್ಡ ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟು, ಅಣ್ಣನ ಕಾರಿನಲ್ಲಿ ಕ್ಯಾಪ್ಟನ್ ಕೊಟ್ರೇಶ ತಾನಾಗಿಯೇ ಮಂತ್ರಾಲಯಕ್ಕೆ ಹೋದ.

ಸಣ್ಣ ಮನೆ. ಪಡಸಾಲೆಯಲ್ಲಿ ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿದ್ದ. ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದ ಸುಶಮೀಂದ್ರನ ತಾಯಿ ತುಳಸಿಬಾಯಿಯ ಕೆಂಪು ಸೀರೆ, ದಪ್ಪ ಕನ್ನಡಕ ಕಂಡಾಗ ಕೊಟ್ರೇಶನ ಹೆಜ್ಜೆ ತಡೆಯಿತು. ಮುದುಕಿ, ಮಂದ ಕಣ್ಣು, ನೂರು ಜನ ಓಡಾಡುವ ಘಟ್ಟ, ಬೇರೆ ವೇಷ. ಹೀಗೆ ತನಗೆ ತಾನೇ ಒಪ್ಪಿಸಿಕೊಂಡು ಕೈಮುಗಿದ.

“ಕೂರ್ಚೋಂಡಿ ಸಾರ್, ಕೂಡ್ರಿ,” ಎಂದು ತೆಲುಗು ಬೆರೆಸಿ ಹೇಳಿದ ಇನ್‌ಸ್ಪೆಕ್ಟರ್. “ಏಕಾದಶಿ ದಿನ ಎಲ್ಲಿದ್ದಿರಿ?”

“ಆದೋನಿ. ಮಿಲ್ಲಿನಾಗ. ಜ್ವರ ಬಂದಿತ್ತು.”

“ಅವುನು ಸಾರ್, ಫೋನ್ ಅಲ್ಲೇ ಐತಿ. ಅಣ್ಣಾವ್ರೂ ಅದೇ ಹೇಳ್ತಾರ.” ಇನ್‌ಸ್ಪೆಕ್ಟರ್ ತನ್ನ ಮೊಬೈಲನ್ನು ಮುಂದೆ ಚಾಚಿದ. ಪಾವಟಿಗೆಯ ಕ್ಯಾಮೆರಾದ ಚಿತ್ರ. ನಾಮ, ಮುದ್ರೆ, ಕಚ್ಚೆಯ ಗಂಡಸರ ಹಿಂಡು. ನಡುವೆ, ತಲೆ ತಗ್ಗಿಸದೆ ಬರುತ್ತಿದ್ದ ಒಂದು ಮುಖದ ಸುತ್ತ ದುಂಡಗೆ ಗೆರೆ ಎಳೆದಿತ್ತು. “ಈ ಫೋಟೊ ಈಗ ಆದೋನಿಗೆ ಕಳಿಸಿದ್ದೆ. ನಮ್ಮ ಕಾನ್‌ಸ್ಟೇಬಲ್‌ಗೆ ಮನೆ ಬಾಗಿಲಲ್ಲಿ ನಿಮ್ಮ ಅಮ್ಮಾಯಿ, ಮಗಳು, ಸಿಕ್ಕಾಳ. ‘ಮಾ ನಾನ್ನೇ, ನಮ್ಮಪ್ಪನೇ’ ಅಂದಾಳಂತ. ನನ್ನ ಸಲುವಾಗಿ ಹರಕಿ ಹೊತ್ತಿದ್ದರು, ಹಣೀಗೆ ಕೆಂಪಿತ್ತು ಅಂತನೂ ತಾನೇ ಹೇಳ್ಯಾಳ. ಆಮ್ಯಾಲೆ, ಯಾಕ ಕೇಳ್ತೀರಿ ಅಂತ ಕೇಳಿದಳಂತ. ನಮ್ಮವನು ಹೇಳಿಬಿಟ್ಟ.”

ಕೊಟ್ರೇಶ ಚಿತ್ರವನ್ನೇ ನೋಡಿದ. ಕಿವಿಯಲ್ಲಿ ಮಿಲ್ಲಿನ ಗುಡುಗು ತುಂಬಿಕೊಂಡಂತಿತ್ತು. ಮಗಳ ಮುಖ ಕಣ್ಣಿಗೆ ಬರದಂತೆ ಅವನು ವೃತ್ತಿಯ ಪ್ರಶ್ನೆಯೊಂದನ್ನು ಗಟ್ಟಿಯಾಗಿ ಹಿಡಿದುಕೊಂಡ: ಇಷ್ಟು ಜನರಲ್ಲಿ ಈ ಒಂದು ಮುಖಕ್ಕೇ ಯಾಕೆ ಗೆರೆ ಎಳೆದರು? ಜನಿವಾರ ಸರಿಯಿತ್ತು, ಕಚ್ಚೆ ಸರಿಯಿತ್ತು, ನಡಿಗೆ ಸರಿಯಿತ್ತು.

“ಎಲ್ಲಿ ತಪ್ಪಿದೆ ಅಂತ ಹುಡುಕಲಿಕ್ಕತ್ತೀಯೇನು?” ಎಂದಳು ತುಳಸಿಬಾಯಿ, ಕಂಬದಿಂದ ಅಲುಗಾಡದೆ. “ಇವರಿಗೆ ಹಣಿ ನೋಡ್ರಿ ಅಂತ ಹೇಳಿದಾಕಿ ನಾನೇ. ಅಕ್ಷತಿ ಹಚ್ಚೂದು ಊಟ ಇದ್ದ ದಿನ. ಏಕಾದಶಿಗೆ ನಮ್ಮವರು ಬರೇ ಅಂಗಾರ ಹಚ್ಚತಾರ, ಅಕ್ಷತಿ ಇಡಂಗಿಲ್ಲ. ಘಟ್ಟದ ಮ್ಯಾಲಿದ್ದ ನಮ್ಮವರ ಹಣಿ ಎಲ್ಲಾ ಬರೇ ಕಪ್ಪು ಗೆರಿ, ನಿನ್ನೊಬ್ಬನ ಹಣಿ ಮ್ಯಾಲೆ ಕೆಂಪು ಬೊಟ್ಟು. ಅದಕ್ಕೇ ಅವತ್ತ ನಿನಗ ಕೇಳಿದ್ದು, ಊಟ ಆತೇನಪಾ ಅಂತ.”